ದಿಬ್ಬಣದ ಬಸ್ಸಿಗೆ ನೀಲವ್ವ

ನಮ್ಮ ಡಿಪೋದ ಬಸ್ಸುಗಳಲ್ಲಿ ಈಗ ಡ್ರೈವರ್ ಸೀಟೇ ಬೆನ್ನು ತಟ್ಟುತ್ತದೆ. ಕಂಡಕ್ಟರನ ವಿಸಿಲ್ಲಿಗೆ ಉಸಿರು ತಾಗಿದರೆ ಸಾಕು, ಅದರಿಂದ ಸೀಟಿಗೆ ಸಂಕೇತ ಹೋಗುತ್ತದೆ. ಒಂದು ವಿಸಿಲ್ ಊದಿದರೆ ಒಂದು ತಟ್ಟು, ಅಂದರೆ ನಿಲ್ಲು. ಎರಡು ತಟ್ಟಿದರೆ ಹೊರಡು. ಹುಟ್ಟಿನಿಂದಲೇ ಕಿವಿ ಕೇಳದ ನೀಲವ್ವನಿಗೆ ಡ್ರೈವರ್ ಕೆಲಸ ಸಿಕ್ಕಿದ್ದು ಹಾಗೆ.

ಮೊದಲ ಟ್ರಿಪ್ಪೇ ಮದುವೆ ದಿಬ್ಬಣ. "ಕಿವಿ ಕೇಳಸದಾಕಿ ಕೈಯಾಗ ಬಸ್ ಕೊಟ್ಟಾರಲ್ಲೋ!" ಎಂದು ಮದುಮಗನ ಸೋದರಮಾವ ಗೊಣಗುತ್ತಲೇ ಹತ್ತಿದ್ದ.

ಮುಂಡರಗಿ ದಾಟಿ ಚಹಾ ಕುಡಿದದ್ದಾಯಿತು. ಕಂಡಕ್ಟರ್ ಶೇಖಪ್ಪ ಎರಡು ವಿಸಿಲ್ ಊದಿದ, ಬಸ್ಸು ಹೊರಟಿತು, ಹಿಂದೆ ಕೂತ ಬ್ಯಾಂಡಿನವರು ಡೋಲು ಶುರುಮಾಡಿದರು. ಶೇಖಪ್ಪ ಹಿಂದಿನ ಗಾಜಿನಲ್ಲಿ ನೋಡುತ್ತಾನೆ, ಬಾಸಿಂಗ ಹಿಡಿದುಕೊಂಡು ಮದುಮಗನೇ ಓಡಿ ಬರುತ್ತಿದ್ದಾನೆ! ಕೆನ್ನೆ ಉಬ್ಬಿಸಿ ಒಂದು ವಿಸಿಲ್ ಊದಿದ. ಡೋಲಿನ ಅಬ್ಬರದಲ್ಲಿ ಅದು ಅವನಿಗೇ ಕೇಳಿಸಲಿಲ್ಲ.

ಬಸ್ಸು ನಿಂತೇಬಿಟ್ಟಿತು.

ಮದುಮಗ ಏದುಸಿರು ಬಿಡುತ್ತ ಹತ್ತಿದ. ಎಲ್ಲರೂ ಹೋ ಎಂದು ಕೂಗಿದರು. ಸೋದರಮಾವ ಶೇಖಪ್ಪನ ಕಡೆ ತಿರುಗಿದ. "ಇಷ್ಟು ಗದ್ದಲದಾಗ ಆ ತಂಗಿಗೆ ಹೆಂಗ ಗೊತ್ತಾತೋ, ಶೇಖಪ್ಪ?"

"ಆಕಿಗೆ ಗದ್ದಲ ಕೇಳಸಂಗಿಲ್ರಿ, ಮಾವಾರ. ಅದಕ್ಕ ನನ್ನ ವಿಸಿಲ್ ತಪ್ಪಲಿಲ್ಲ!"

ಶೇಖಪ್ಪ ಎರಡು ಊದಿದ. ನೀಲವ್ವ ಕನ್ನಡಿಯಲ್ಲಿ ಮದುಮಗನನ್ನು ಇನ್ನೊಮ್ಮೆ ನೋಡಿಕೊಂಡು, ನಗುತ್ತ ಗೇರು ಹಾಕಿದಳು.