ಮೊಣಕೈಯ ಬೆಳಕು

ರಾತ್ರಿ ಬಾಗಿಲು ಬಡಿದ ಸದ್ದಾಯಿತು. ಯಾರೆಂದು ಕೇಳದೆಯೇ ನೀಲವ್ವ ಮನೆಯ ದೀಪಗಳನ್ನೆಲ್ಲ ಆರಿಸಿ, ಚರ್ಮದ ಬೆಳಕು ಓದಿ ರೋಗ ತಂದವರನ್ನು ಹೆಸರಿಸುವ ಚರ್ಮವಾಚಕಿಯನ್ನು ಒಳಗೆ ಕರೆದಳು.

ಸೊಸೆ ಸುವರ್ಣಾಳ ಮೊಣಕೈಯ ಮೇಲೆ ಸುಲಿದೇಳುತ್ತಿದ್ದ ಕೆಂಪು ಚಕ್ಕೆ ಕತ್ತಲಲ್ಲಿ ಮಂದವಾಗಿ ಹೊಳೆಯುತ್ತಿತ್ತು. ದಣಿದ ಜೀವಕೋಶಗಳು ಸಕ್ಕರೆಯನ್ನು ತಪ್ಪಾಗಿ ಉರಿಸುವಾಗ ಹೊಮ್ಮುವ ಬೆಳಕು ಅದು. ದಣಿಸಿದವರು ಹತ್ತಿರ ಬಂದರೆ ಭಗ್ಗೆನ್ನುತ್ತದೆ. ವಾಚಕಿ ಹೆಸರಿಸಿದವರು ಬೆಳಗಾಗುವುದರೊಳಗೆ ಮನೆ ಬಿಡಬೇಕು. ಚರ್ಮ ಮಾಯುವವರೆಗೆ ಮರಳುವಂತಿಲ್ಲ.

"ನನ್ನ ಹೆಸರ ಬರೂದು. ಗಂಟು ಕಟ್ಟಿ ಇಟ್ಟೇನಿ," ಎಂದಳು ನೀಲವ್ವ.

"ಗಂಟಿನ್ಯಾಗ ನನ್ನ ಹೊಸಾ ಸೀರಿ ಇಲ್ಲಲ್ಲಾ ಅತ್ತಿ?" ಸುವರ್ಣಾ ನಗಲು ನೋಡಿದಳು.

ನೀಲವ್ವ ಕೈಯನ್ನು ಚಕ್ಕೆಯ ಮೇಲೆ ಹಿಡಿದಳು. ಬೆಳಕು ಅಲುಗಲಿಲ್ಲ. ಮಗ ಈರಣ್ಣ ಹಿಡಿದ, ಆಗಲೂ ಇಲ್ಲ. ನೀಲವ್ವನ ಎದೆ ಹಗುರಾಯಿತು.

ಅಷ್ಟರಲ್ಲಿ ತೊಟ್ಟಿಲಲ್ಲಿ ಚನ್ನವೀರ ಅಳತೊಡಗಿದ. ಹುಟ್ಟಿದಂದಿನಿಂದ ಹೊಟ್ಟೆನೋವಿನಿಂದ ನರಳುವ ಆ ಕೂಸು ತಾಯಿಗೆ ಒಂದು ರಾತ್ರಿಯೂ ನಿದ್ದೆ ಕೊಟ್ಟಿರಲಿಲ್ಲ. ಸುವರ್ಣಾ ರೂಢಿಯಂತೆ ಎದ್ದು ಎತ್ತಿಕೊಂಡಳು. ಮೊಣಕೈ ಭಗ್ಗನೆ ಬೆಳಗಿ, ತಾಯಿ ಮಗುವಿನ ನೆರಳು ಗೋಡೆಗೆ ಬಿತ್ತು.

"ಅತ್ತಿ, ಲೈಟ್ ಹಚ್ರಿ!" ಸೆರಗಿನಿಂದ ಮೊಣಕೈ ಮುಚ್ಚುತ್ತ ಸುವರ್ಣಾ ಚೀರಿದಳು.

ನೀಲವ್ವ ವಾಚಕಿಯ ಕಾಲು ಹಿಡಿದಳು. "ನನ್ನ ಹೆಸರು ಹೇಳ್ರಿ ಯವ್ವಾ. ನಾ ಹೋಗ್ತೇನಿ. ಐದು ತಿಂಗಳ ಕೂಸದು, ಹಾಲು ಕುಡಿಯೂದು."

ವಾಚಕಿ ಅವಳ ಕೈಗಳನ್ನು ಮೆಲ್ಲಗೆ ಬಿಡಿಸಿದಳು. ಆಮೇಲೆ ನಿಯಮದಂತೆ ಒಂದೇ ಸಲ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಚನ್ನವೀರ."