ಹೊರಾಂಗ್ ಹಿಡಿದ ತೋಳು

ಹೊಸಬರ ಕೈ ಎದೆಯ ಮೇಲಿದ್ದರೂ ಹೊರಾಂಗ್ ಗುರ್ ಎನ್ನಲಿಲ್ಲ. ಜಿಂದೋ ದ್ವೀಪದಲ್ಲಿ ಅದು ಬೊಗಳಿದರೆ ಸಮುದ್ರವೇ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಅಂಥ ನಾಯಿ ಈಗ ತಣ್ಣಗೆ ಬಿದ್ದಿತ್ತು. ಅದರ ಒಂದು ಎದೆಬಡಿತಕ್ಕೂ ಇನ್ನೊಂದಕ್ಕೂ ನಡುವೆ ಪಶುವೈದ್ಯೆ ಮಿರಾನ್ ಒಂದು ಊಟ ಮುಗಿಸಿ ಕೈ ತೊಳೆಯಬಹುದಿತ್ತು.

"ಉಣ್ಣಿ ಮದ್ದಿಗೆ ನೀರೆಷ್ಟು ಬೆರೆಸಿದ್ರಿ, ಅಜ್ಜ?"

"ನೀರೆಲ್ಲ ಬೇರೆ ನಾಯಿಗಳಿಗೆ. ನನ್ನ ಹೊರಾಂಗ್‌ಗೆ ಹಾಗೇ ಹಾಕಿ ಬರಿಗೈಲಿ ತಿಕ್ಕಿದೆ," ಎಂದು ದೊಕ್‌ಸು ಅಜ್ಜ ಆಕಳಿಸಿದ. "ನೋಡು ಹುಡುಗಿ, ಇವನು ಎದ್ದು ಗುರ್ ಅಂದ್ರೆ ನಿನ್ನನ್ನ ಡಾಕ್ಟ್ರು ಅಂತ ಒಪ್ತೀನಿ."

ಮಿರಾನ್ ಫೋನಿನಲ್ಲಿ ಎರಡು ಮಾತಾಡಿ ಸೂಜಿ ಚುಚ್ಚಿದಳು. "ಆ ಮದ್ದು ನರಗಳಲ್ಲಿ ಅಡ್ರಿನಲಿನ್ ಕೂರೋ ಗ್ರಾಹಕಗಳಲ್ಲಿ ತಾನೇ ಕೂತು ಎದೆಗೇ ಜೋಂಪು ಹಿಡಿಸುತ್ತೆ. ಈ ಸೂಜಿ ಅದನ್ನ ಅಲ್ಲಿಂದ ಎಬ್ಬಿಸ್ಬೇಕು. ಅದೇ ಗ್ರಾಹಕಗಳು ನಿಮ್ಮಲ್ಲೂ ಇವೆ, ಮದ್ದು ನಿಮ್ಮ ಬರಿಗೈಯ ಚರ್ಮದಿಂದ ಒಳಗಿಳಿದಿದೆ. ಆಂಬುಲೆನ್ಸ್‌ಗೆ ಹೇಳಿದೀನಿ, ಕೈ ಕೊಡಿ."

"ನಂಗೆ ಜೋಂಪಾ? ಪೀಪಾಯಿ ಸೋಜು ಸಾರಾಯಿ ಕುಡಿದಾಗ್ಲೂ ಕಣ್ಣು ಮುಚ್ಚಿದವನಲ್ಲ ನಾನು," ಎನ್ನುತ್ತಲೇ ಅಜ್ಜ ಕಣ್ಣು ಮುಚ್ಚಿದ.

ಅವಳು ಅವನ ನಾಡಿ ಹಿಡಿದಳು. ಅದೂ ತೆವಳುತ್ತಿತ್ತು. ಅಷ್ಟರಲ್ಲಿ ಯಾರೋ ಅವಳ ಅಂಗಿಯ ತೋಳು ಜಗ್ಗಿದರು. ಹಿಂಗಾಲು ಇನ್ನೂ ಎತ್ತಲಾಗದ ಹೊರಾಂಗ್, ಯಜಮಾನನನ್ನು ಮುಟ್ಟಿದ ಆ ಕೈಯ ಬಟ್ಟೆಗೆ ಹಲ್ಲು ನೆಟ್ಟು, ಮಾಡಿನ ಹೆಂಚೆಲ್ಲ ಅದುರುವಂತೆ ಗುರುಗುಟ್ಟಿತು.

ಬಟ್ಟೆ ಪರ್ರನೆ ಹರಿಯಿತು. ಮಿರಾನ್ ಕೈ ಹಿಂದಕ್ಕೆಳೆಯಲಿಲ್ಲ. ಪದಕ ತೊಡಿಸಿಕೊಳ್ಳುವವಳಂತೆ ಎದೆ ಸೆಟೆಸಿ ಕೂತಳು.

ಅಜ್ಜ ಒಂದೇ ಕಣ್ಣು ತೆರೆದ. "ಬಿಡೋ ಹೊರಾಂಗ್," ಎಂದ. "ಅವ್ರು ಡಾಕ್ಟ್ರು."