ಸಾವಂತ್ರವ್ವನ ಚಿಟಿಕಿ

ಮಂಗಳ ಗ್ರಹದ ಧೂಳಿಗೆ ಸೊಸೆ ಕಸ್ತೂರಿಗೆ ಕೆಮ್ಮು ಹತ್ತಿತ್ತು. ನಾಳೆಯೊಳಗೆ ನಿಲ್ಲದಿದ್ದರೆ ಅವಳು ನಡೆಸುವ ನೌಕೆ ಬೇರೆಯವರ ಕೈಗೆ ಹೋಗುತ್ತಿತ್ತು. ಸಾವಂತ್ರವ್ವ ಕಷಾಯಕ್ಕೆ ನೀರಿಟ್ಟಳು.

"ಕರಿಮೆಣಸಿನ ಪುಡಿ ಎಷ್ಟು ಗ್ರಾಂ?" ಎಂದಿತು ಉಗ್ರಾಣದ ಯಂತ್ರ. ತೂಕ ಹೇಳದೆ ಅದು ಡಬ್ಬಿ ತೆರೆಯುವುದಿಲ್ಲ.

"ಒಂದು ಚಿಟಿಕಿ."

"ಆ ಅಳತೆ ನನ್ನಲ್ಲಿಲ್ಲ."

"ಬೆರಳೇ ಇಲ್ಲದವನಿಗೆ ಹೆಂಗ ಇರ್ತದ ತಮ್ಮಾ? ಡಬ್ಬಿ ತಗಿ, ತೋರಸ್ತೀನಿ."

ಹೊಸ ಅಳತೆ ಕಲಿಯಲೆಂದು ಯಂತ್ರ ಡಬ್ಬಿ ತೆರೆದು, ಅವಳ ಚಿಟಿಕೆಯನ್ನು ಹತ್ತು ಸಲ ತೂಗಿತು. ಹತ್ತು ಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ತೂಕ ಬರೆದುಕೊಂಡು ಪುಡಿ ಕೊಟ್ಟಿತು.

ಮರುದಿನ ಕಸ್ತೂರಿ ಕೆಮ್ಮದೆ ನೌಕೆ ಹತ್ತಿದಳು. ವಾರದೊಳಗೆ ಅಲ್ಲಿನ ಉಗ್ರಾಣಗಳಿಗೆಲ್ಲ ಹೊಸ ಅಳತೆ ಬಂತು: ಒಂದು ಸಾವಂತ್ರವ್ವ.

"ನಮ್ಮ ಮನಿಯವರಿಗೆ ಅರ್ಧ ಸಾವಂತ್ರವ್ವ ಸಾಕೇನ್ರಿ ಅತ್ಯಾ?" ಎಂದು ಪಕ್ಕದ ಮನೆಯಾಕೆ ಕೇಳಿದಳು.

ಸಾವಂತ್ರವ್ವ ಸೆರಗು ಸರಿಪಡಿಸಿಕೊಂಡಳು. "ಅರ್ಧಕ್ಕ ಯಾವ ಕೆಮ್ಮೂ ಬಗ್ಗಂಗಿಲ್ಲ ಬಿಡವಾ."